ಇಡ್ಲಿ ಸೈಕಲ್ಲಿಗೊಂದು ಆರದ ದೀಪ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗ್ ಒಂದರ ನೆಲಮಹಡಿಯ ಪ್ಯಾಸೇಜಿನಲ್ಲಿ ಸೈಕಲ್ಲೊಂದು ತಲೆಕೆಳಗಾಗಿ, ಸೀಟು ಹ್ಯಾಂಡಲ್‌ಗಳ ಮೇಲೆ ನಿಂತಿದೆ. ಅದರ ಮುಂದೆ ಮಣೆ ಹಾಕಿಕೊಂಡು ಕೂತ ವಾರಿಜಾ ಮುಂದಿನ ಚಕ್ರವನ್ನು ಅಂಗೈಯಿಂದ ಮೆಲ್ಲಗೆ ತಳ್ಳುತ್ತಾರೆ. ಚಕ್ರ ತಿರುಗುತ್ತದೆ. ಸದ್ದಿಲ್ಲ, ಉಜ್ಜಾಟವಿಲ್ಲ. ಸುಣ್ಣ ಕಿತ್ತ ಗೋಡೆಯ ಮೇಲೆ ಮೊದಲು ಬೆಳಕಿನ ಒಂದು ನಡುಕ ಕಾಣಿಸುತ್ತದೆ; ನೋಡುತ್ತಿದ್ದಂತೆ ಅದು ತುಂಬಿಕೊಂಡು, ದುಂಡಗಾಗಿ, ಮೀಟರ್ ಪೆಟ್ಟಿಗೆಗಳ ಸಾಲನ್ನೂ ಯಾರದೋ ಒದ್ದೆ ಕೊಡೆಯನ್ನೂ ಕತ್ತಲಿನೊಳಗಿಂದ ಒಂದೊಂದಾಗಿ ಹೊರಗೆ ತೆಗೆಯುತ್ತದೆ.

ವಾರಿಜಾ ಚಕ್ರಕ್ಕೆ ಕೈ ಅಡ್ಡ ಕೊಟ್ಟು ನಿಲ್ಲಿಸುತ್ತಾರೆ. ತಮ್ಮ ಉಸಿರನ್ನೂ ನಿಲ್ಲಿಸಿದವರಂತೆ ಕೂರುತ್ತಾರೆ. ಅವರು ಕಾಯುತ್ತಿರುವುದು ದೀಪ ಹತ್ತುವುದನ್ನಲ್ಲ. ಚಕ್ರ ನಿಂತ ಮೇಲೂ ಅದು ಉಳಿಯುತ್ತದೆಯೇ ಎಂಬುದನ್ನು.

ಒಳಗೆ ಅವರ ಗಂಡ ಐತ, ಅಲ್ಯುಮಿನಿಯಂ ಪಾತ್ರೆಯಲ್ಲಿ ಒದ್ದೆ ಬಟ್ಟೆ ಹಾಸಿ ಬಿಸಿ ಇಡ್ಲಿ ಜೋಡಿಸುತ್ತಿದ್ದಾರೆ. ಹಬೆಯ ಜೊತೆಗೆ ಅವರ ದನಿಯೂ ಹೊರಗೆ ಬರುತ್ತದೆ.

"ಹತ್ತಿತಾ?"

"ಹತ್ತುದು ದೊಡ್ಡದಲ್ಲ. ಸ್ವಲ್ಪ ಸುಮ್ನೆ ಇರಿ."

"ಸುಮ್ನೆ ಇದ್ದೂ ಇದ್ದೂ ಐದು ತಿಂಗಳಾಯ್ತು ಮಾರಾಯ್ತಿ!"

ಆ ಐದು ತಿಂಗಳು ಇಂದು ಮುಗಿಯಬೇಕು, ಇಲ್ಲವೇ ಸೈಕಲ್ಲನ್ನೇ ಮಾರಬೇಕು. ಈ ಮನೆಯಲ್ಲಿ ಹಾಗೆಂದು ತೀರ್ಮಾನವಾಗಿದೆ. ಒಳಕೋಣೆಯಲ್ಲಿ ಮಲಗಿರುವ ಮಗಳು ಶ್ರೇಯಾ ಎದ್ದ ಕೂಡಲೇ ಪರೀಕ್ಷೆ. ದೀಪ ಗೆದ್ದರೆ ಅಪ್ಪ ಮತ್ತೆ ಇಡ್ಲಿ ಮಾರಲು ರಸ್ತೆಗೆ. ಸೋತರೆ ಸೋಮವಾರದಿಂದ ಬಾಂದ್ರಾದ ಆಫೀಸ್ ಕಟ್ಟಡವೊಂದರಲ್ಲಿ ವಾಚ್‌ಮನ್ ಕುರ್ಚಿಗೆ.

ವಾರಿಜಾ ಎಂದರೆ ಆಂಟಾಪ್ ಹಿಲ್‌ನಲ್ಲಿ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಮಿಕ್ಸಿ ಆಂಟಿ ಎಂದರೆ ದಾರಿ ತೋರಿಸುತ್ತಾರೆ. ಈ ಕಾಲೊನಿಗಳ ತುಂಬ ಉದ್ದು ಅಕ್ಕಿ ರುಬ್ಬುವ ಮನೆಗಳು. ರುಬ್ಬುವಲ್ಲಿ ಒಂದಲ್ಲ ಒಂದು ದಿನ ಮಿಕ್ಸಿಯ ಮೋಟಾರು ಸುಡುತ್ತದೆ. ಸುಟ್ಟ ಮೋಟಾರಿನ ಕಪ್ಪಾದ ತಂತಿಯನ್ನು ಬಿಡಿಸಿ ತೆಗೆದು, ಹೊಸ ತಾಮ್ರದ ತಂತಿಯನ್ನು ಎಳೆ ಮೇಲೆ ಎಳೆ ಕೂರುವಂತೆ ಸುತ್ತಿ, ವಾರ್ನಿಶ್ ಕುಡಿಸಿ ಒಣಗಿಸಿ ಕೊಡುವುದು ಅವರ ಕೆಲಸ. ಸಂಜೆ ಅದೇ ಕೈ ಇಡ್ಲಿಯ ಹಿಟ್ಟು ಕಲಸುತ್ತದೆ. ಹಾಗಾಗಿ ಈ ಪುಟ್ಟ ಮನೆಗೆ ಎರಡು ವಾಸನೆ: ಹುಳಿ ಬರುತ್ತಿರುವ ಹಿಟ್ಟಿನದು, ಒಣಗುತ್ತಿರುವ ವಾರ್ನಿಶ್‌ನದು. ಹೊರಗಿನಿಂದ ಬಂದವರಿಗೆ ಯಾವುದು ಯಾವುದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕು.

ಅವರ ಊರು ಕಟಪಾಡಿ ಕಡೆ, ಮನೆಮಾತು ತುಳು. ಮದುವೆಯಾಗಿ ಮುಂಬಯಿಗೆ ಬಂದಾಗ ಐತ ಬೈಕುಲ್ಲಾದ ಹೋಟೆಲೊಂದರಲ್ಲಿ ಇಡ್ಲಿ ಬೇಯಿಸುತ್ತಿದ್ದರು. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಫ್ಯಾನಿನ ಸುರುಳಿ ಸುತ್ತುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿಯ ಫೋರ್‌ಮನ್ ಸದಾನಂದ ದಿನವೂ ತಿಂಡಿಗೆ ಬರುವವರು. ಹಗಲು ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದ ಮನುಷ್ಯ. ಐತರ ಹೊಸ ಹೆಂಡತಿ ಮನೆಯಲ್ಲಿ ಒಬ್ಬಳೇ ಇರುತ್ತಾಳೆಂದು ಕೇಳಿ, "ಮಲ್ಲಿಗೆ ಕಟ್ಲಿಕ್ಕೆ ಬರ್ತದಾ ಅವಳಿಗೆ?" ಎಂದು ವಿಚಾರಿಸಿದರಂತೆ. ಬರುತ್ತದೆ ಎಂದಾಗ, "ಹಾಗಾದ್ರೆ ನಾಳೆಯಿಂದ ಕಳ್ಸು" ಎಂದರು. ನಾರು ಬಿಗಿಯಾದರೆ ಹೂ ತುಂಡಾಗುತ್ತದೆ, ಸಡಿಲವಾದರೆ ದಂಡೆ ಜಾರುತ್ತದೆ. ತಂತಿಯ ಕಥೆಯೂ ಅದೇ. ಕಾರ್ಖಾನೆ ಮುಚ್ಚುವವರೆಗೂ ವಾರಿಜಾ ಅಲ್ಲಿಯೇ ಇದ್ದರು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸದಾನಂದ ಅವರಿಗೆ ಒಂದು ಆಟ ತೋರಿಸಿದರು. ಸುತ್ತಿಟ್ಟ ಸುರುಳಿಯ ಎರಡು ತುದಿಗಳನ್ನು ಮುಳ್ಳಿರುವ ಮೀಟರಿಗೆ ಜೋಡಿಸಿ, ಒಂದು ಅಯಸ್ಕಾಂತವನ್ನು ಸುರುಳಿಯೊಳಗೆ ತೂರಿಸಿದರು. ಮುಳ್ಳು ಜಿಗಿಯಿತು. ಅಯಸ್ಕಾಂತವನ್ನು ಅಲ್ಲೇ ಬಿಟ್ಟರು. ಮುಳ್ಳು ಸೊನ್ನೆಗೆ ಬಂದು ಮಲಗಿತು. ಹೊರಗೆ ಎಳೆದರು. ಈ ಸಲ ಮುಳ್ಳು ಇನ್ನೊಂದು ದಿಕ್ಕಿಗೆ ಜಿಗಿಯಿತು.

ಇಡೀ ನಗರವನ್ನು ಬೆಳಗುವ ವಿದ್ಯುತ್ತಿನ ಹಿಂದೆ ಇರುವುದು ಬಹುಮಟ್ಟಿಗೆ ಇಷ್ಟೇ. ಅಯಸ್ಕಾಂತ ತಂತಿಯನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತರೆ ಏನೂ ಆಗುವುದಿಲ್ಲ, ಅದು ಎಷ್ಟೇ ಬಲವಾದದ್ದಿರಲಿ. ಹತ್ತಿರ ಬರುತ್ತಿರಬೇಕು, ಇಲ್ಲವೇ ದೂರ ಸರಿಯುತ್ತಿರಬೇಕು. ಬರುವಾಗ ತಾಮ್ರದೊಳಗೆ ವಿದ್ಯುತ್ತು ಒಂದು ದಿಕ್ಕಿಗೆ ಹರಿಯುತ್ತದೆ, ಹೋಗುವಾಗ ಇನ್ನೊಂದು ದಿಕ್ಕಿಗೆ. ವಾರಿಜಾ ಅಂದು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ನೋಡುತ್ತಾ ನಿಂತಿದ್ದರು. ಅಂದಿನಿಂದ ಅದು ಅವರ ತಲೆಯಲ್ಲಿ ಎಲ್ಲೋ ತಿರುಗುತ್ತಲೇ ಇತ್ತು.

"ಫ್ಯಾನು, ಮಿಕ್ಸಿ, ಎಲ್ಲಾ ಕರೆಂಟ್ ತಿನ್ನುವ ಸುರುಳಿ," ಎನ್ನುತ್ತಾರೆ. "ಇಷ್ಟು ವರ್ಷ ಅದನ್ನೇ ಸುತ್ತಿದೆ. ಕರೆಂಟ್ ಹೆರುವ ಸುರುಳಿ ಇದೇ ಮೊದಲು."

ಅದಕ್ಕೆ ಕಾರಣ ಮಳೆಗಾಲಕ್ಕೆ ಮುಂಚಿನ ಒಂದು ಮುಂಜಾವು. ಹೋಟೆಲ್ ಬಿಟ್ಟ ಮೇಲೆ ಐತ ಸೈಕಲ್ಲಿನಲ್ಲಿ ಇಡ್ಲಿ ಮಾರುತ್ತಾರೆ. ವಡಾಲಾ ಕಡೆಯಿಂದ ಜಿಟಿಬಿ ನಗರ ಸ್ಟೇಶನ್‌ವರೆಗೆ, ಮೊದಲ ಲೋಕಲ್ ಹಿಡಿಯುವವರು, ಪಾಳಿ ಮುಗಿಸಿದ ವಾಚ್‌ಮನ್‌ಗಳು, ಹಾಲಿನ ಗಾಡಿಯವರು ಅವರ ಗಿರಾಕಿಗಳು. ಸೈಕಲ್ಲಿಗೆ ಎರಡು ದೀಪವಿತ್ತು. ಒಂದು, ಟೈರಿಗೆ ಉಜ್ಜಿ ತಿರುಗುವ ಹಳೆಯ ಡೈನಮೊದ್ದು. ಸೈಕಲ್ ನಿಂತರೆ ಅದೂ ಆರುತ್ತದೆ. ಇನ್ನೊಂದು, ಶ್ರೇಯಾ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಬ್ಯಾಟರಿ ದೀಪ; ಅಂದು ಅದನ್ನು ಚಾರ್ಜಿಗೆ ಹಾಕಲು ಮೂವರೂ ಮರೆತಿದ್ದರು. ಬೀದಿದೀಪ ಕೆಟ್ಟ ಜಾಗದಲ್ಲಿ ಐತ ಸೈಕಲ್ ನಿಲ್ಲಿಸಿ ಚಟ್ನಿ ಬಡಿಸುತ್ತಿದ್ದಾಗ ಟೆಂಪೊ ಒಂದು ಹಿಂದಿನಿಂದ ಬಂದು ಹೊಡೆಯಿತು. ಗಿರಾಕಿಗೆ ಏನೂ ಆಗಲಿಲ್ಲ. ಐತರ ಮೊಣಕಾಲಿನ ಕೆಳಗೆ ಎಲುಬು ಮುರಿಯಿತು.

"ಟೆಂಪೊದವ ಅಳ್ತಾ ಇದ್ದ ಪಾಪ," ಐತ ನೆನೆಯುತ್ತಾರೆ. "'ಚಾಚಾ, ದಿಖಾ ಹೀ ನಹೀ' ಅಂತ. ಅವನದ್ದು ಸುಳ್ಳಲ್ಲ. ಕಾಣ್ಲಿಕ್ಕೆ ನಂದೇನು ಇತ್ತು ಅಲ್ಲಿ?"

ಮೂಳೆ ಕೂಡಿತು, ಆದರೆ ಮನೆಯ ಮಾತು ಕೂಡಲಿಲ್ಲ. ಶ್ರೇಯಾ ಬಾಂದ್ರಾದಲ್ಲಿ ತಾನು ಕೆಲಸ ಮಾಡುವ ಕಟ್ಟಡದಲ್ಲೇ ಅಪ್ಪನಿಗೊಂದು ಕೆಲಸ ಹುಡುಕಿದಳು. "ಕುರ್ಚಿ ಇದೆ, ಪಂಖಾ ಇದೆ, ತಲೆ ಮೇಲೆ ಛತ್ ಇದೆ. ಔರ್ ಕ್ಯಾ ಚಾಹಿಯೇ ಪಪ್ಪಾಗೆ?" ಎಂಬುದು ಅವಳ ವಾದ. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಅಪ್ಪನ ಪಕ್ಕ ಕೂತವಳು ಅವಳು. ಐತರಿಗೆ ಕುರ್ಚಿಯ ಮೇಲೆ ಸಿಟ್ಟಿಲ್ಲ. "ಬರುವವರಿಗೆ ಸಲಾಮ್ ಹೊಡೀಲಿಕ್ಕೆ ನಂಗೆ ಬೇಸರ ಇಲ್ಲ. ಆದ್ರೆ ಅಲ್ಲಿ ಯಾರೂ 'ಐತಣ್ಣ, ಇವತ್ತು ಚಟ್ನಿಗೆ ಶುಂಠಿ ಜಾಸ್ತಿ ಆಗಿದೆ' ಅಂತ ಬೈಯುದಿಲ್ಲ ಅಲ್ವಾ?"

ವಾರಿಜಾ ಇಬ್ಬರ ನಡುವೆ. "ಇವರು ಕೂತಲ್ಲೇ ಕೂತ್ರೆ ಕರಗ್ತಾರೆ. ರಸ್ತೆಗೆ ಬಿಟ್ರೆ ನಂಗೆ ಉಸಿರು ಹೋಗ್ತದೆ. ಎರಡರ ಮಧ್ಯೆ ಈ ದೀಪ ಉಂಟು." ಚಾರ್ಜಿಗೆ ಹಾಕುವುದನ್ನು ಮರೆಯಲಾಗದ, ಸೈಕಲ್ ನಿಂತರೂ ಆರದ, ಕೂಡಿದ ಕಾಲಿಗೆ ಭಾರವಾಗದ ದೀಪ. ಅದನ್ನು ತಾನೇ ಮಾಡುತ್ತೇನೆ ಎಂದು ಅವರು ಹೇಳಿದಾಗ ಶ್ರೇಯಾ ನಕ್ಕಳು. ನಕ್ಕ ಮೇಲೆ ಷರತ್ತು ಹಾಕಿದಳು: ತಾನೇ ಗಿರಾಕಿಯಾಗಿ ನಿಂತು ನೋಡುವುದಾಗಿ.

ಬೈಕುಲ್ಲಾದ ಗುಜರಿ ಅಂಗಡಿಗಳಲ್ಲಿ ಕೆಟ್ಟ ಕಂಪ್ಯೂಟರುಗಳ ಹಾರ್ಡ್ ಡಿಸ್ಕುಗಳು ರಾಶಿ ಬಿದ್ದಿರುತ್ತವೆ. ಪ್ರತಿಯೊಂದರ ಹೊಟ್ಟೆಯಲ್ಲೂ ಬಾಳೆಹಣ್ಣಿನ ಹೋಳಿನ ಆಕಾರದ ಅಯಸ್ಕಾಂತಗಳಿರುತ್ತವೆ, ಬೆಳ್ಳಿಯಂತೆ ಹೊಳೆಯುವಂಥವು. ಗಾತ್ರ ಬೆರಳಿನಷ್ಟು, ಹಿಡಿತ ಮೊಸಳೆಯದು. ಎಣ್ಣೆ ಡಬ್ಬದ ತಗಡನ್ನು ದುಂಡಗೆ ಕತ್ತರಿಸಿ, ಅದರ ಅಂಚಿನ ಸುತ್ತ ಇವನ್ನು ಅಂಟಿಸಿ, ಆ ಬಿಲ್ಲೆಯನ್ನು ಚಕ್ರದ ಕಡ್ಡಿಗಳಿಗೆ ಬಿಗಿಯುವುದು. ಎದುರಿಗೆ, ಚಕ್ರವನ್ನು ಹಿಡಿದಿರುವ ಮುಂದಿನ ಫೋರ್ಕಿಗೆ, ತಾಮ್ರದ ಸುರುಳಿಗಳನ್ನು ಕೂರಿಸುವುದು. ನಡುವೆ ಬೆರಳುಗುರು ತೂರುವಷ್ಟು ಗಾಳಿ. ಚಕ್ರ ತಿರುಗಿದರೆ ಅಯಸ್ಕಾಂತಗಳು ಒಂದರ ಹಿಂದೊಂದು ಸುರುಳಿಗಳ ಮುಂದೆ ಹಾದುಹೋಗುತ್ತವೆ. ಉಜ್ಜುವುದು ಏನೂ ಇಲ್ಲ. ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹರಿಯುವ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಲು ನಾಲ್ಕು ಡಯೋಡು, ಚಕ್ರ ನಿಂತ ಮೇಲಿನ ಹೊತ್ತಿಗೆಂದು ಅದನ್ನು ಕೂಡಿಡಲು ಒಂದು ದೊಡ್ಡ ಕೆಪಾಸಿಟರ್. ಫ್ಯಾನಿನಲ್ಲಿ ಕೆಪಾಸಿಟರ್ ನೋಡಿದ್ದ ವಾರಿಜಾ ಈ ಜಾತಿಯದನ್ನು ನೋಡಿರಲಿಲ್ಲ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯವ ತೋರಿಸಿ, ಹೇಗೆ ಜೋಡಿಸಬೇಕೆಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟ.

ಆ ದಿನಗಳಲ್ಲಿ ಅವರಿಗೆ ಕನಸು ಬೀಳುತ್ತಿತ್ತು. "ಹಾರ್ಬರ್ ಲೈನಿನ ಟ್ರೇನಿನ ಚಕ್ರಕ್ಕೆಲ್ಲಾ ನಾನು ಅಯಸ್ಕಾಂತ ಅಂಟಿಸ್ತಾ ಹೋಗುದು. ಒಂದು ಡಬ್ಬಿ ಮುಗೀತು ಅಂದ್ರೆ ಇನ್ನೊಂದು. ಅಂಟಿಸಿದ ಹಾಗೆ ಒಳಗೆ ಕೂತವರ ಮುಖ ಎಲ್ಲಾ ಬೆಳಗ್ತಾ ಇತ್ತು. ಟ್ರೇನಿನ ದೀಪ ಅಲ್ಲ, ಮುಖಗಳೇ." ಹೇಳುತ್ತಾ ಅವರೇ ನಾಚುತ್ತಾರೆ. "ಎದ್ದು ನೋಡಿದ್ರೆ ಹಿಟ್ಟು ಉಕ್ಕಿ ನೆಲಕ್ಕೆ ಇಳಿದಿತ್ತು."

ಮೊದಲ ಬಿಲ್ಲೆ ತಯಾರಾದಾಗ ಕೈಯಲ್ಲಿ ತಿರುಗಿಸಿದರೂ ದೀಪ ಕಣ್ಣು ಕೋರೈಸುವಂತೆ ಹತ್ತಿತು. ಆದರೆ ಜುಲೈ ತಿಂಗಳ ತೇವಕ್ಕೆ ಅಂಟು ಗಟ್ಟಿಯಾಗಲಿಲ್ಲ. ಬೆರಳಿಟ್ಟರೆ ಮೆತ್ತಗೆ ಜಾರುತ್ತಿತ್ತು. ಮರುದಿನ ವಾರಿಜಾ ಮಾರುಕಟ್ಟೆಯಿಂದ ಬರುವಷ್ಟರಲ್ಲಿ ಐತ ಬಿಲ್ಲೆಯನ್ನು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. "ನೋಡು, ಕಲ್ಲಿನ ಹಾಗೆ ಹಿಡಿದಿದೆ!" ನಿಜಕ್ಕೂ ಹಿಡಿದಿತ್ತು. ಖುಷಿಯಲ್ಲಿ ಚಕ್ರಕ್ಕೆ ಬಿಗಿದು ತಿರುಗಿಸಿದರೆ ದೀಪ ಮಿಣುಕಿತು, ಅಷ್ಟೇ. ಊದುಬತ್ತಿಯ ತುದಿಯಷ್ಟು.

ವಾರಿಜಾ ತಪ್ಪನ್ನು ತನ್ನಲ್ಲೇ ಹುಡುಕಿದರು. ಸುರುಳಿ ಬಿಚ್ಚಿ ಮತ್ತೆ ಸುತ್ತಿದರು. ತಂತಿಯ ಮೇಲಿನ ಲೇಪ ಎಲ್ಲಾದರೂ ಕೆರೆದಿದೆಯೇ ಎಂದು ಕನ್ನಡಕ ಹಾಕಿಕೊಂಡು, ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಇನ್ನೊಮ್ಮೆ ಬಿಚ್ಚಿದರು. "ಕಣ್ಣು ಹೋಯ್ತು, ಕೈಯೂ ಹೋಯ್ತು ಅಂದ್ಕೊಂಡೆ," ಎನ್ನುತ್ತಾರೆ. "ಜನರ ಮಿಕ್ಸಿ ಇನ್ನು ಮುಟ್ಟುದಾ ಬೇಡವಾ ಅಂತ ಹೆದರಿಕೆ ಆಯ್ತು. ಶ್ರೇಯಾ ಬಾಂದ್ರಾಕ್ಕೆ ಪಪ್ಪನ ಫೋಟೊ ಕೊಡ್ಬೇಕು ಅಂತ ಕೇಳಿದ್ಲು, ಅಷ್ಟೇ."

ಗುಟ್ಟು ಬಿಟ್ಟುಕೊಟ್ಟದ್ದು ಒಂದು ಕಬ್ಬಿಣದ ಸಟ್ಟುಗ. ಮೊದಲು ಅದನ್ನು ಬಿಲ್ಲೆಯಿಂದ ಬಿಡಿಸಲು ಇಬ್ಬರು ಬೇಕಾಗುತ್ತಿತ್ತು. ಈಗ ಅದು ತಾನಾಗಿಯೇ ಜಾರಿ ಕೆಳಗೆ ಬಿತ್ತು. ಉಳಿದಿದ್ದ ಒಂದು ಬಿಡಿ ಅಯಸ್ಕಾಂತ ಫ್ರಿಜ್ಜಿನ ಬಾಗಿಲಲ್ಲಿತ್ತು. ವಾರಿಜಾ ಹೋಗಿ ಅದನ್ನು ಕೀಳಲು ನೋಡಿದರೆ ಉಗುರು ಮುರಿಯುವ ಹಾಗೆ ಹಿಡಿದುಕೊಂಡಿದೆ. ಅವರು ತಿರುಗಿ ಗಂಡನನ್ನು ನೋಡಿದರು.

"ಇದನ್ನು ಎಲ್ಲಿ ಒಣಗಿಸಿದ್ರಿ?"

"ಅಟ್ಟದಲ್ಲಿ."

ಅಟ್ಟವೆಂದರೆ ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯ ಮೇಲಿನ ತಟ್ಟೆ. ಹೋಟೆಲಿನಲ್ಲಿ ಮೂವತ್ತು ವರ್ಷ ಇಡ್ಲಿ ಬೇಯಿಸಿದ ಮನುಷ್ಯನಿಗೆ ಜಗತ್ತಿನಲ್ಲಿ ಅದಕ್ಕಿಂತ ಹದವಾದ ಶಾಖ ಇನ್ನೊಂದಿಲ್ಲ. ಒಲೆ ಸುಡುತ್ತದೆ, ಕಾವಲಿ ಸುಡುತ್ತದೆ, ಹಬೆ ಮಾತ್ರ ಸುಡದೆ ಬೇಯಿಸುತ್ತದೆ. ಮಳೆಗಾಲದಲ್ಲಿ ಒದ್ದೆ ಕಡ್ಡಿಪೆಟ್ಟಿಗೆ, ಶ್ರೇಯಾಳ ಶಾಲೆಯ ಸಾಕ್ಸು, ಎಲ್ಲವೂ ಒಣಗಿದ್ದು ಆ ಪಾತ್ರೆಯ ಕೃಪೆಯಿಂದಲೇ. ಐತ ಬಿಲ್ಲೆಗೆ ಮೂರು ಸುತ್ತು ಬಟ್ಟೆ ಸುತ್ತಿ, ನೀರು ತಾಗದ ಹಾಗೆ ಡಬ್ಬಿಯಲ್ಲಿಟ್ಟು, ಸಣ್ಣ ಉರಿಯಲ್ಲಿ ಎರಡು ಸಲ ಇಡ್ಲಿ ಬೇಯುವಷ್ಟು ಹೊತ್ತು ಬಿಟ್ಟಿದ್ದರು.

"ಇಡ್ಲಿಯೇ ಸುಡುದಿಲ್ಲ, ಇದು ಸುಡ್ತದಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಸುಡ್ಲಿಲ್ಲ, ಚಂದ ಬೆಂದಿದೆ," ಎಂದರು ವಾರಿಜಾ. "ಚಟ್ನಿ ಹಾಕಿ ಕೊಡ್ತೇನೆ, ಕೂತ್ಕೊಂಡು ತಿನ್ನಿ!"

ಹೇಳಿದವರಿಗೇ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಕೈ ಕೆಟ್ಟಿರಲಿಲ್ಲ.

ಮರುದಿನ ಐತ ಕೋಲು ಹಿಡಿದು, ಕಾಲು ಮುರಿದ ಮೇಲೆ ಮೊದಲ ಬಾರಿಗೆ ಬಸ್ಸು ಹತ್ತಿ, ಹೆಂಡತಿಯ ಜೊತೆ ಬೈಕುಲ್ಲಾಕ್ಕೆ ಹೋದರು. ಬಿಲ್ಲೆಯನ್ನು ಕೈಗೆತ್ತಿಕೊಂಡ ಗುಜರಿಯವ ಕೇಳಿದ ಮೊದಲ ಪ್ರಶ್ನೆಯೇ, "ಗರಮ್ ಕಿಯಾ ಕ್ಯಾ?" ಈ ಜಾತಿಯ ಅಯಸ್ಕಾಂತಕ್ಕೆ ಕುದಿವ ನೀರಿನ ಹಬೆಯೇ ಸಾಕು. ಒಳಗೆ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಂತ ಕಣಗಳು ಬಿಸಿಯಲ್ಲಿ ಅಲುಗಾಡಿ ಸಾಲು ತಪ್ಪುತ್ತವೆ. ತಣ್ಣಗಾದ ಮೇಲೂ ಎಲ್ಲವೂ ಮೊದಲಿನ ಜಾಗಕ್ಕೆ ಮರಳುವುದಿಲ್ಲ. ಹೊರಗಿನಿಂದ ನೋಡಿದರೆ ಅದೇ ಹೊಳಪು. ಹಿಡಿತ ಮಾತ್ರ ಹೋಗಿರುತ್ತದೆ.

ಎರಡನೇ ಬಿಲ್ಲೆ ಒಣಗಿದ್ದು ಪ್ಯಾಸೇಜಿನ ಹೊರಗಿನ ಕಟ್ಟೆಯ ಮೇಲೆ, ಮಳೆ ಬಿಟ್ಟ ಎರಡು ದಿನಗಳ ಎಳೆಬಿಸಿಲಿನಲ್ಲಿ. ಐತ ಕೋಲು ಹಿಡಿದು ಕಾವಲು ಕೂತಿದ್ದರು. ಊರಿನಲ್ಲಿ ಒಣಮೀನಿಗೆ ಕೂರುತ್ತಿದ್ದ ಹಾಗೆಯೇ, ಕಾಗೆ ಓಡಿಸುತ್ತ.

ಭಾರದ ಲೆಕ್ಕವೊಂದು ಉಳಿದಿತ್ತು. ದೀಪ ಜೋಡಿಸದೆ ತಿರುಗಿಸಿದರೆ ಚಕ್ರ ಬಹಳ ಹೊತ್ತು ತಿರುಗುತ್ತದೆ. ಜೋಡಿಸಿದರೆ ಬೇಗ ನಿಲ್ಲುತ್ತದೆ. ಸುರುಳಿಯಲ್ಲಿ ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ಹಿಡಿದೆಳೆಯುತ್ತದೆ. "ಬೆಳಕು ಇವರ ಕಾಲಿಂದಲೇ ಬರ್ಬೇಕಲ್ಲ, ಪುಕ್ಕಟೆ ಎಲ್ಲಿಂದ?" ಎನ್ನುವ ವಾರಿಜಾ, ಸುರುಳಿಗಳಲ್ಲಿ ಒಂದನ್ನು ತೆಗೆದೇಬಿಟ್ಟರು. ಬೆಳಕು ಸ್ವಲ್ಪ ಕಡಿಮೆಯಾಯಿತು, ಕಾಲಿಗೆ ಹಗುರವಾಯಿತು. ಕೋರೈಸಬೇಕಾದ ಅಗತ್ಯವಿಲ್ಲ, ಕಂಡರೆ ಸಾಕು.

ಇದೆಲ್ಲ ಕಳೆದು ಈ ಮುಂಜಾವು. ಪ್ಯಾಸೇಜಿನ ಗೋಡೆಯ ಮೇಲಿನ ಬೆಳಕು ಚಕ್ರ ನಿಂತ ಮೇಲೂ ಇದೆ. ವಾರಿಜಾ ಕೂತೇ ಇದ್ದಾರೆ. ಅಷ್ಟರಲ್ಲಿ ಶ್ರೇಯಾ ಕೂದಲು ಗಂಟು ಹಾಕಿಕೊಳ್ಳುತ್ತಾ ಹೊರಗೆ ಬರುತ್ತಾಳೆ. "ಗೋಡೆ ಮೇಲೆ ಬೇಡ ಮಮ್ಮಿ. ರಸ್ತೆ ಮೇಲೆ."

ಕಾಂಪೌಂಡಿನ ಹೊರಗೆ ಬೀದಿದೀಪವಿಲ್ಲದ ಒಂದು ತುಂಡು ರಸ್ತೆಯಿದೆ. ಐತ ಇಡ್ಲಿ ಪಾತ್ರೆ ಹೊತ್ತ ಸೈಕಲ್ಲನ್ನು ಅಲ್ಲಿಯವರೆಗೆ ತುಳಿದುಕೊಂಡು ಹೋಗುತ್ತಾರೆ, ಒಂದು ಸುತ್ತು ಹಾಕಿ ಬಂದು ನಿಲ್ಲುತ್ತಾರೆ. ಅದೇ ಸುರುಳಿಗಳಿಂದ ಈಗ ಎರಡು ದೀಪ: ಮುಂದೆ ಬಿಳಿ, ಹಿಂದೆ ಕೆಂಪು. ಶ್ರೇಯಾ ಸೈಕಲ್ಲಿನ ಪಕ್ಕ ಬಂದು ನಿಲ್ಲುತ್ತಾಳೆ.

"ಅಣ್ಣಾ, ದೋ ಪ್ಲೇಟ್."

"ಅಣ್ಣ ಯಾರು? ನಾನು ನಿನ್ನ ಅಪ್ಪ."

"ಗಿರಾಕಿ ಹತ್ರ ಜಾಸ್ತಿ ಮಾತು ಬೇಡ. ಚಟ್ನಿ ಔರ್ ಡಾಲೋ."

"ಹಾಕಿದೆ."

"ಇಡ್ಲಿ ಇಷ್ಟು ಛೋಟಾ? ವಡಾಲಾದಲ್ಲಿ ದೊಡ್ಡದು ಕೊಡ್ತಾರೆ."

"ಹಾಗಾದ್ರೆ ವಡಾಲಾಕ್ಕೇ ಹೋಗು!"

"ಪಾರ್ಸೆಲ್ ಮಾಡಿ." ಐತ ಕಾಗದ ತೆಗೆಯುತ್ತಾರೆ. "ಬೇಡ, ಇಲ್ಲೇ ತಿಂತೇನೆ." ತಿನ್ನುತ್ತಾಳೆ. ಬೇಕೆಂದೇ ನಿಧಾನವಾಗಿ. ಇನ್ನೊಮ್ಮೆ ಚಟ್ನಿ ಕೇಳುತ್ತಾಳೆ. ದುಡ್ಡು ಕೊಡಲು ಮೊಬೈಲ್ ತೆಗೆದು, "ನೆಟ್‌ವರ್ಕ್ ನಹೀ ಹೈ" ಎಂದು ಆಕಾಶಕ್ಕೆ ಹಿಡಿಯುತ್ತಾಳೆ. ಗೇಟಿನ ಹತ್ತಿರ ನಿಂತ ವಾರಿಜಾಗೆ ಇದಾವುದೂ ಕೇಳಿಸುತ್ತಿಲ್ಲ. ಅವರು ನೋಡುತ್ತಿರುವುದು ಹಿಂದಿನ ಕೆಂಪು ದೀಪವನ್ನು. ಅದು ಸ್ವಲ್ಪ ಮಸುಕಾಗಿದೆ. ಆರಿಲ್ಲ.

ತಿರುವಿನಲ್ಲಿ ಹಾಲಿನ ಟೆಂಪೊ ಕಾಣಿಸುತ್ತದೆ. ಯಾರೂ ಅದನ್ನು ಕರೆದಿರಲಿಲ್ಲ, ದಿನದ ಹಾಗೆ ಬಂದಿದೆ. ಅದರ ವೇಗ ದೂರದಲ್ಲೇ ತಗ್ಗುತ್ತದೆ. ಗಾಡಿ ರಸ್ತೆಯ ಆ ಬದಿಗೆ ಸರಿದು, ಸೈಕಲ್ಲಿಗೆ ಧಾರಾಳ ಜಾಗ ಬಿಟ್ಟು, ಹಾಲಿನ ಕ್ರೇಟುಗಳನ್ನು ಗಲಗಲಿಸುತ್ತಾ ಮುಂದೆ ಹೋಗುತ್ತದೆ. ಶ್ರೇಯಾ ಜಗಿಯುವುದನ್ನು ನಿಲ್ಲಿಸಿ ಅದು ಮರೆಯಾಗುವವರೆಗೂ ನೋಡುತ್ತಾಳೆ. ಆಮೇಲೆ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಕೈಯಲ್ಲಿದ್ದ ಇಡ್ಲಿಯ ಅರ್ಧವನ್ನು ಅಪ್ಪನ ಬಾಯಿಗಿಡುತ್ತಾಳೆ.

"ಪಪ್ಪ ಬರುದಿಲ್ಲ ಅಂತ ಬಾಂದ್ರಾಕ್ಕೆ ನಾನೇ ಹೇಳ್ತೇನೆ. ಪರ್ ರೋಜ್ ಮಮ್ಮಿ ಚೆಕ್ ಮಾಡ್ಬೇಕು. ಪಕ್ಕಾ?"

"ಪಕ್ಕಾ," ಎನ್ನುತ್ತಾರೆ ಐತ, ಬಾಯ್ತುಂಬ ಇಡ್ಲಿಯೊಂದಿಗೆ. ಮತ್ತೊಂದು ಮಾತಿಗೆ ಎಡೆಕೊಡದೆ ಪೆಡಲ್ ಮೇಲೆ ಕಾಲಿಡುತ್ತಾರೆ.

ಬಿಳಿಯ ಬೆಳಕು ರಸ್ತೆಯ ನೀರಿನ ಮೇಲೆ ಸ್ವಲ್ಪ ದೂರ ತೇಲಿ, ತಿರುವಿನಲ್ಲಿ ಒಮ್ಮೆ ಗೋಡೆಯನ್ನು ಸವರಿ ಮರೆಯಾಗುತ್ತದೆ. ಶ್ರೇಯಾ ಒಳಗೆ ಹೋಗಿದ್ದಾಳೆ. ವಾರಿಜಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಗೇಟಿನಲ್ಲೇ ನಿಂತಿದ್ದಾರೆ. ಪ್ಯಾಸೇಜಿನಲ್ಲಿ ಇಂದು ಕೊಡಬೇಕಾದ ಎರಡು ಮಿಕ್ಸಿಗಳು ಕಾಯುತ್ತಿವೆ. ಇನ್ನೇನು ಬೇಕು ನಿಮಗೆ ಎಂದರೆ ಅವರಿಗೆ ಯೋಚಿಸಬೇಕಾಗುತ್ತದೆ.

"ಒಂದು ದಿನ ಇವರಿಗೆ ಹೇಳದೆ ಸ್ಟೇಶನ್ ಹತ್ರ ಹೋಗಿ ಗಿರಾಕಿಗಳ ಜೊತೆ ನಿಲ್ಬೇಕು," ಎನ್ನುತ್ತಾರೆ ಕೊನೆಗೆ. "ಕತ್ತಲೆಯಲ್ಲಿ ಆ ದೀಪ ದೂರದಿಂದ ನಮ್ಮ ಕಡೆಗೇ ಬರುದು ಹೇಗೆ ಕಾಣ್ತದೆ ಅಂತ ನೋಡ್ಬೇಕು. ನಾನು ಅದನ್ನು ನೋಡಿದ್ದೆಲ್ಲಾ ಹಿಂದಿನಿಂದಲೇ ಅಲ್ವಾ."